ಬಾಗು, ಬಳುಕು ಮತ್ತು ನಾಲ್ಕೇ ನಾಲ್ಕು ಚುಕ್ಕಿ

ಕ್ಯಾಡ್ ತಂತ್ರಾಂಶಗಳ ಜಾಹೀರಾತು ವೀಡಿಯೋಗಳನ್ನ ಯಾವತ್ತಾದ್ರೂ ನೋಡಿದ್ದೀರಾ? ಪರದೆ ಮೇಲೆ ಒಂದು ಬೋಳು ಪೆಟ್ಟಿಗೆ ಇರುತ್ತೆ. ಯಾರೋ ಮೌಸಿನಿಂದ ಅದರ ಮೂಲೆ ಹಿಡಿದು ಎಳೀತಾರೆ, ಇನ್ನೊಂದು ಕಡೆ ಒತ್ತುತ್ತಾರೆ, ಮತ್ತೊಂದು ಕಡೆ ಸ್ವಲ್ಪ ತಿರುಚುತ್ತಾರೆ. ಎರಡೇ ನಿಮಿಷದಲ್ಲಿ ಪೆಟ್ಟಿಗೆ ಹೋಗಿ ಥಳಥಳ ಹೊಳೆಯೋ ಬೈಕಿನ ಪೆಟ್ರೋಲ್ ಟ್ಯಾಂಕ್ ಆಗಿಬಿಟ್ಟಿರುತ್ತೆ. ಗಣಿತ ಬೇಡ, ಡ್ರಾಯಿಂಗ್ ಬೇಡ, ಜೇಡಿಮಣ್ಣು ಹಿಸುಕಿದ ಹಾಗೆ ಹಿಸುಕಿದರೆ ಸಾಕು ಅನ್ನೋ ಧಾಟಿ. ಇದಕ್ಕೆ ಫ್ರೀಫಾರ್ಮ್ ಸರ್ಫೇಸ್ ಮಾಡೆಲಿಂಗ್ ಅಂತಾರೆ. ಕನ್ನಡದಲ್ಲಿ ಮುಕ್ತ ಆಕಾರದ ಮೇಲ್ಮೈ ರಚನೆ ಅನ್ನಬಹುದೇನೋ.

ಇಂಥದ್ದೇ ತಂತ್ರಾಂಶಕ್ಕೆ ಕೋಡ್ ಬರೆದು ಹೊಟ್ಟೆ ಹೊರೆಯೋನು ನಾನು. ಹಾಗಾಗಿ ಧೈರ್ಯವಾಗಿ ಹೇಳ್ತೀನಿ: ಆ ಜಾಹೀರಾತು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಉಳಿದ ಅರ್ಧವನ್ನ ನಮ್ಮ ಹುಡುಗ ಹುಡುಗಿಯರಿಗೆ ಯಾರೂ ಹೇಳ್ತಿಲ್ಲ ಅನ್ನೋದೇ ನನ್ನ ತಕರಾರು. ಕ್ಯಾಡ್ ಗೊತ್ತಿಲ್ಲದವರೂ ಓದಿ, ಇದರಲ್ಲಿ ರಂಗೋಲಿ, ಇಡ್ಲಿ ಎಲ್ಲಾ ಬರುತ್ತೆ :-)

ಮೊದಲು, ಏನಿದು ಮುಕ್ತ ಆಕಾರ? ಚನ್ನಪಟ್ಟಣದ ಗೊಂಬೆ ನೆನಪು ಮಾಡಿಕೊಳ್ಳಿ. ಮರದ ತುಂಡು ಲೇತ್ ಮೇಲೆ ಗಿರಗಿರ ತಿರುಗುತ್ತೆ, ಉಳಿ ಹಿಡಿದರೆ ಉರುಟಾದ ಆಕಾರ ಬರುತ್ತೆ. ಆ ಗೊಂಬೆಯ ಅರ್ಧ ಅಂಚಿನ ಗೆರೆಯೊಂದು ಗೊತ್ತಿದ್ದರೆ ಸಾಕು, ಅದನ್ನ ಒಂದು ಸುತ್ತು ತಿರುಗಿಸಿದರೆ ಪೂರ್ತಿ ಗೊಂಬೆ. ಕ್ಯಾಡ್‌ನಲ್ಲಿ ಇದು ರಿವಾಲ್ವ್ ಅನ್ನೋ ಒಂದೇ ಆಜ್ಞೆ. ಈಗ ಕೊಪ್ಪಳದ ಕಿನ್ನಾಳ ಗೊಂಬೆ ನೆನೆಸಿಕೊಳ್ಳಿ. ಅದು ಕೈಯಲ್ಲಿ ಕೆತ್ತಿದ್ದು. ಅಲ್ಲಿ ಗಲ್ಲದ ಉಬ್ಬು, ಮೂಗಿನ ಇಳಿಜಾರು, ಹೆಗಲಿನ ತಿರುವು ಯಾವುದೂ ವೃತ್ತ ಅಲ್ಲ, ಕೊಳವೆ ಅಲ್ಲ, ಗೋಲ ಅಲ್ಲ. ಒಂದು ಗೆರೆಯಿಂದ, ಒಂದು ಸೂತ್ರದಿಂದ ಹೇಳಿ ಮುಗಿಸೋಕೆ ಆಗದ ಆಕಾರ. ಅದೇ ಮುಕ್ತ ಆಕಾರ. ನಿಮ್ಮ ಕೈಯಲ್ಲಿರೋ ಮೌಸು, ಬಚ್ಚಲಲ್ಲಿರೋ ಶಾಂಪೂ ಬಾಟಲಿ, ಕಾರಿನ ಬಾನೆಟ್ಟು, ವಿಮಾನದ ಇಂಜಿನ್ನಿನ ಬ್ಲೇಡು, ಕಾಲು ಕಳೆದುಕೊಂಡವರಿಗೆ ಮಾಡೋ ಕೃತಕ ಕಾಲಿನ ಬಟ್ಟಲು ಎಲ್ಲ ಈ ಜಾತಿಯವೇ.

ಕಂಪ್ಯೂಟರ್ ಬರೋಕೆ ಮುಂಚೆ ಇದನ್ನ ಹೇಗೆ ಮಾಡ್ತಿದ್ದರು ಅನ್ನೋದು ಸೊಗಸಾದ ಕಥೆ. ಹಡಗು ಕಟ್ಟೋರು ದೊಡ್ಡ ಅಟ್ಟದ ನೆಲದ ಮೇಲೆ ಹಡಗಿನ ಪೂರ್ಣ ಗಾತ್ರದ ಗೆರೆಗಳನ್ನ ಎಳೀತಿದ್ದರು. ತೆಳ್ಳನೆಯ ಮರದ ಪಟ್ಟಿಯನ್ನ ಬಗ್ಗಿಸಿ, ಅಲ್ಲಲ್ಲಿ ಸೀಸದ ತೂಕ ಇಟ್ಟು ಹಿಡಿದು ನಿಲ್ಲಿಸೋದು. ಆ ಪಟ್ಟಿಗೆ ಸ್ಪ್ಲೈನ್ ಅಂತ ಹೆಸರು. ತೂಕಗಳ ಆಕಾರ ಬಾತುಕೋಳಿ ಥರ ಅಂತ ಅವಕ್ಕೆ ಡಕ್ ಅಂತಲೇ ಕರೀತಿದ್ದರು! ಮರದ ಪಟ್ಟಿಗೆ ಬಗ್ಗೋದು ಇಷ್ಟ ಇಲ್ಲ, ಅದು ಎಷ್ಟು ಕಡಿಮೆ ಬಗ್ಗಿದರೆ ಸಾಕೋ ಅಷ್ಟೇ ಬಗ್ಗುತ್ತೆ. ಆದ್ದರಿಂದಲೇ ಅದು ಕೊಡೋ ಗೆರೆ ನುಣುಪು. ತೂಕ ಜಾಸ್ತಿ ಇಟ್ಟಷ್ಟೂ ಗೆರೆ ಅಂಕುಡೊಂಕು. ಈ ಮಾತನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

1950ರ ದಶಕದ ಕೊನೆಗೆ ಕಾರು ಕಂಪನಿಗಳಿಗೆ ಒಂದು ತಲೆನೋವು ಶುರುವಾಯ್ತು. ಲೋಹ ಕೊರೆಯೋ ಯಂತ್ರಗಳು ಅಂಕಿಗಳಿಂದ ನಡೆಯೋಕೆ ಶುರುವಾದವು. ಆದರೆ ಕಾರಿನ ಆಕಾರ ಇದ್ದದ್ದು ಜೇಡಿಮಣ್ಣಿನ ಮಾದರಿಯಲ್ಲಿ, ಪ್ಲಾಸ್ಟರಿನಲ್ಲಿ. ಜೇಡಿಮಣ್ಣನ್ನ ಅಂಕಿ ಮಾಡೋದು ಹೇಗೆ? ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯಲ್ಲಿ ಪಾಲ್ ದ ಕಾಸ್ಟೆಲ್ಜೋ ಅನ್ನೋ ಗಣಿತಜ್ಞ 1959ರಲ್ಲೇ ಒಂದು ಉತ್ತರ ಕಂಡುಕೊಂಡ. ಆದರೆ ಕಂಪನಿ ಅದನ್ನ ಗುಟ್ಟಾಗಿ ಇಟ್ಟುಕೊಂಡಿತು. ಅದೇ ಪ್ಯಾರಿಸ್ಸಿನ ಇನ್ನೊಂದು ಕಂಪನಿ ರೆನೋದಲ್ಲಿ ಪಿಯರ್ ಬೆಝಿಯೇ ಅನ್ನೋ ಇಂಜಿನಿಯರ್ ತನ್ನದೇ ದಾರಿಯಲ್ಲಿ ಅದೇ ಉತ್ತರಕ್ಕೆ ಬಂದು, 1960ರ ದಶಕದಲ್ಲಿ ಅದನ್ನ ಬರೆದು ಪ್ರಕಟಿಸಿದ. ಪ್ರಕಟಿಸಿದವನ ಹೆಸರು ಗೆರೆಗೆ ಅಂಟಿಕೊಂಡಿತು. ಬೆಝಿಯೇ ಕರ್ವ್ ಅಂತ ನೀವು ಕೇಳಿರೋದು ಅದನ್ನೇ. ಗುಟ್ಟಾಗಿ ಇಟ್ಟವರ ಪಾಲಿಗೆ ಬಂದದ್ದು, ಆ ಗೆರೆ ಎಳೆಯೋ ವಿಧಾನಕ್ಕೆ ದ ಕಾಸ್ಟೆಲ್ಜೋ ಹೆಸರು, ಅದೂ ತಡವಾಗಿ. ಜ್ಞಾನ ಹಂಚಿಕೊಂಡರೆ ಏನಾಗುತ್ತೆ ಅನ್ನೋದಕ್ಕೆ ಬ್ಲಾಗಿಗರಾದ ನಮಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಆ ವಿಧಾನ ಎಷ್ಟು ಸುಲಭ ಅಂದ್ರೆ ಪೆನ್ಸಿಲ್ಲು ಕಾಗದ ಸಾಕು. ಎಲ್ಲಿ ಬೇಕಾದರೂ ನಾಲ್ಕು ಚುಕ್ಕಿ ಇಡಿ, ಕ್ರಮವಾಗಿ ಗೆರೆ ಎಳೆದು ಸೇರಿಸಿ. ಮೂರು ಗೆರೆ ಆಯ್ತು. ಮೂರರ ನಡುಬಿಂದು ಗುರುತು ಮಾಡಿ, ಅವನ್ನ ಸೇರಿಸಿ. ಈಗ ಎರಡು ಗೆರೆ. ಎರಡರ ನಡುಬಿಂದು ಗುರುತಿಸಿ ಸೇರಿಸಿ. ಒಂದು ಗೆರೆ ಉಳಿಯಿತು. ಅದರ ನಡುಬಿಂದು ಇದೆಯಲ್ಲ, ಅದು ನಿಮ್ಮ ಬಾಗಿದ ಗೆರೆಯ ಮೇಲೆ ಕೂತಿದೆ. ನಡುಬಿಂದುವಿನ ಬದಲು ಕಾಲು ಭಾಗದಲ್ಲಿ, ಮುಕ್ಕಾಲು ಭಾಗದಲ್ಲಿ ಇದನ್ನೇ ಮಾಡಿದರೆ ಇನ್ನೆರಡು ಬಿಂದು ಸಿಗುತ್ತೆ. ಸೇರಿಸಿದರೆ ಬಳುಕೋ ಗೆರೆ ರೆಡಿ. ಮೊದಲ ಮತ್ತು ಕೊನೆಯ ಚುಕ್ಕಿಯನ್ನ ಗೆರೆ ಮುಟ್ಟುತ್ತೆ, ನಡುವಿನ ಎರಡನ್ನ ಸಾಮಾನ್ಯವಾಗಿ ಮುಟ್ಟೋದಿಲ್ಲ, ಬರೀ ಅವುಗಳ ಕಡೆ ವಾಲುತ್ತೆ. ನಮ್ಮ ಮನೆ ಮುಂದಿನ ಚುಕ್ಕಿ ರಂಗೋಲಿಯಲ್ಲೂ ಎಳೆ ಹೀಗೇ ಅಲ್ವಾ? ಚುಕ್ಕಿಯನ್ನ ಮುಟ್ಟದೆ ಅದರ ಸುತ್ತ ಸುಳಿದು ಹೋಗುತ್ತೆ, ಆದರೆ ಚುಕ್ಕಿ ಇಲ್ಲದಿದ್ದರೆ ಎಳೆಯೇ ಇಲ್ಲ. ಗಣಿತ ಬೇರೆ, ಗುಣ ಒಂದೇ. ಈ ಕಂಟ್ರೋಲ್ ಪಾಯಿಂಟುಗಳನ್ನ ನಾನು ಹಿಡಿತದ ಚುಕ್ಕಿ ಅಂತ ಕರೀತೀನಿ.

ಅಂದ ಹಾಗೆ, ನೀವೀಗ ಓದ್ತಿರೋ ಈ ಕನ್ನಡ ಅಕ್ಷರಗಳೂ ಹಿಡಿತದ ಚುಕ್ಕಿಗಳೇ! ಫಾಂಟ್ ಕಡತದಲ್ಲಿ "ಅ" ಚಿತ್ರವಾಗಿ ಇರೋದಿಲ್ಲ, ಚುಕ್ಕಿಗಳ ಪಟ್ಟಿಯಾಗಿ ಇರುತ್ತೆ. ಟ್ರೂಟೈಪ್ ಫಾಂಟಿನಲ್ಲಿ ಒಂದೊಂದು ಬಾಗಿಗೆ ಮೂರು ಚುಕ್ಕಿ, ಪೋಸ್ಟ್‌ಸ್ಕ್ರಿಪ್ಟ್ ಜಾತಿಯದರಲ್ಲಿ ನಾಲ್ಕು. ಅದಕ್ಕೇ ಎಷ್ಟು ದೊಡ್ಡದು ಮಾಡಿದರೂ ಅಕ್ಷರದ ಅಂಚು ಒಡೆಯೋದಿಲ್ಲ. ಕಾರಿನ ಬಾನೆಟ್ಟಿಗೆ ಹುಡುಕಿದ ಗಣಿತ ನಮ್ಮ ಉರುಟು ಲಿಪಿಗೆ ಹೀಗೆ ಒದಗಿತು.

ಇರಲಿ, ವಿಷಯಕ್ಕೆ ಬರ್ತೀನಿ. ಗೆರೆಯಿಂದ ಮೇಲ್ಮೈಗೆ ಹೋದಾಗ ಚುಕ್ಕಿಗಳು ಸಾಲಾಗಿ ಇರೋ ಬದಲು ಬಲೆಯಾಗುತ್ತವೆ, ಹಾಸು ಹೊಕ್ಕಿನ ಬಟ್ಟೆ ಥರ. 1975ರಲ್ಲಿ ಕೆನ್ ವರ್ಸ್ಪ್ರಿಲ್ ಅನ್ನೋರು ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಬಲ ಕೊಟ್ಟರು. ನರ್ಬ್ಸ್ ಅಂತ ಇವತ್ತು ಕ್ಯಾಡ್ ಜಗತ್ತೆಲ್ಲ ಬಳಸೋದು ಅದನ್ನೇ. ಮುಕ್ತ ಆಕಾರದ ಜೊತೆಗೆ ಅಚ್ಚುಕಟ್ಟಾದ ವೃತ್ತವನ್ನೂ ಅದೇ ಸೂತ್ರದಲ್ಲಿ ಬರೆಯಬಹುದು ಅನ್ನೋದು ಅದರ ದೊಡ್ಡ ಲಾಭ.

ಬಟ್ಟೆಯ ಕಷ್ಟಗಳೇ ನರ್ಬ್ಸ್‌ಗೂ ಇವೆ. ಬಟ್ಟೆಗೆ ನಾಲ್ಕು ಅಂಚು. ಆದರೆ ಜಗತ್ತಿನ ಆಕಾರಗಳಿಗೆಲ್ಲ ನಾಲ್ಕು ಅಂಚು ಇರೋದಿಲ್ಲವಲ್ಲ. ಆದ್ದರಿಂದ ತುಂಡು ತುಂಡು ಹಾಸಿ, ಕತ್ತರಿಸಿ, ಹೊಲಿಗೆ ಹಾಕಬೇಕು. ಹೊಲಿಗೆಯಲ್ಲೇ ಇರೋದು ಮರ್ಮ. ಎರಡು ತುಂಡು ಬರೀ ತಾಗಿದರೆ ಅದು ಜಿ0. ತಾಗಿದ ಕಡೆ ಒಂದೇ ದಿಕ್ಕಿಗೆ ಹೋದರೆ ಜಿ1. ದಿಕ್ಕಿನ ಜೊತೆ ಬಾಗಿನ ಪ್ರಮಾಣವೂ ಒಂದೇ ಆದರೆ ಜಿ2. ಬಸ್ಸಿನ ಲೆಕ್ಕದಲ್ಲಿ ಹೇಳ್ತೀನಿ. ನೇರ ರಸ್ತೆ ಒಮ್ಮೆಲೇ ವೃತ್ತಾಕಾರದ ತಿರುವಾದರೆ ದಿಕ್ಕು ಮುರಿದಿಲ್ಲ ನಿಜ, ಆದರೆ ಸ್ಟಿಯರಿಂಗ್ ಅನ್ನ ಒಂದೇ ಕ್ಷಣದಲ್ಲಿ ತಿರುಗಿಸಬೇಕು, ನಿಂತವರು ಪಕ್ಕದವರ ಮೇಲೆ ಬೀಳ್ತಾರೆ. ಅದಕ್ಕೇ ರೈಲು ಹಳಿಗೆ ನೇರ ಮತ್ತು ತಿರುವಿನ ನಡುವೆ ಮೆಲ್ಲಗೆ ಬಾಗೋ ತುಂಡೊಂದನ್ನ ಹಾಕ್ತಾರೆ. ಕಣ್ಣೂ ಹಾಗೇ. ಕಾರಿನ ಬಾಗಿಲ ಮೇಲೆ ಬೀದಿದೀಪದ ಬೆಳಕಿನ ಗೆರೆ ಹರಿಯುವಾಗ ಜಿ1 ಹೊಲಿಗೆ ಬಂದ ಕಡೆ ಗೆರೆ ಚಕ್ಕಂತ ಮುರಿದ ಹಾಗೆ ಕಾಣುತ್ತೆ. ಏನು ತಪ್ಪು ಅಂತ ಹೇಳೋಕೆ ಬರದ ಗಿರಾಕಿಗೂ ಏನೋ ಸರಿ ಇಲ್ಲ ಅಂತ ಅನ್ನಿಸುತ್ತೆ. ಕಾರಿನವರು ಇಂಥ ಮೇಲ್ಮೈಗಳನ್ನ ಕ್ಲಾಸ್ ಎ ಅಂತ ಕರೆದು ಅದಕ್ಕಾಗಿಯೇ ವಾರಗಟ್ಟಲೆ ಕೂರ್ತಾರೆ.

ಈ ಹೊಲಿಗೆಯ ಕಾಟ ಬೇಡ ಅಂತ ಬಂದದ್ದು ಸಬ್‌ಡಿವಿಷನ್. ಎಡ್ವಿನ್ ಕ್ಯಾಟ್ಮಲ್ ಮತ್ತು ಜಿಮ್ ಕ್ಲಾರ್ಕ್ 1978ರಲ್ಲಿ ಹೇಳಿದ ಉಪಾಯ: ಒರಟು ಪೆಟ್ಟಿಗೆಯೊಂದನ್ನ ತಗೊಂಡು ಅದರ ಮುಖಗಳನ್ನ ಒಡೆದು ಚುಕ್ಕಿಗಳ ಸರಾಸರಿ ತೆಗೀರಿ, ಮತ್ತೆ ಒಡೀರಿ, ಮತ್ತೆ ಸರಾಸರಿ. ಹೀಗೆ ಮಾಡ್ತಾ ಹೋದರೆ ಪೆಟ್ಟಿಗೆ ನುಣ್ಣಗೆ ಕರಗಿ ಒಂದೇ ಮೇಲ್ಮೈ ಆಗುತ್ತೆ. ಹೊಲಿಗೆಯೇ ಇಲ್ಲ. ಪಿಕ್ಸಾರ್‌ನವರು 1997ರ "ಜೆರೀಸ್ ಗೇಮ್" ಕಿರುಚಿತ್ರದಲ್ಲಿ ಆ ಅಜ್ಜನ ಮುಖ, ಕೈ, ಕೋಟು ಮಾಡಿದ್ದು ಇದರಿಂದಲೇ. ಕ್ಯಾಡ್‌ನವರು ನಿಧಾನಕ್ಕೆ ಎಚ್ಚೆತ್ತರು. 2003ರಲ್ಲಿ ಥಾಮಸ್ ಸೆಡರ್‌ಬರ್ಗ್ ಮತ್ತು ಜೊತೆಗಾರರು ಟಿ-ಸ್ಪ್ಲೈನ್ ತಂದರು. ಬಟ್ಟೆಯಲ್ಲಿ ಒಂದು ಎಳೆಯನ್ನ ಅಂಚಿನವರೆಗೆ ಒಯ್ಯದೆ ನಡುವೆಯೇ ನಿಲ್ಲಿಸಬಹುದು ಅಂದ ಹಾಗೆ. 2011ರ ಕೊನೆಗೆ ಆಟೋಡೆಸ್ಕ್ ಅದನ್ನ ಕೊಂಡುಕೊಂಡಿತು, ಮುಂದೆ ಫ್ಯೂಷನ್ 360ರಲ್ಲಿ ಎಳೆಯೋ ಒತ್ತೋ ಸಲಕರಣೆಯಾಗಿ ಅದು ಬಂತು. ಕ್ರಿಯೋದಲ್ಲಿ ಫ್ರೀಸ್ಟೈಲ್ ಬಂತು. ರೈನೋ ತನ್ನ 7ನೇ ಆವೃತ್ತಿಯಲ್ಲಿ, 2020ರಲ್ಲಿ, ಸಬ್‌ಡಿ ಸೇರಿಸಿಕೊಂಡಿತು. ಜಾಹೀರಾತಿನ ಪೆಟ್ಟಿಗೆ ಬೈಕಿನ ಟ್ಯಾಂಕ್ ಆಗೋದು ಈ ವಿದ್ಯೆಯಿಂದ.

ಇದು ಅದ್ಭುತ ವಿದ್ಯೆ, ಅದರಲ್ಲಿ ಎರಡು ಮಾತಿಲ್ಲ. ಹಾಗಾದರೆ ನನ್ನ ತಕರಾರೇನು?

ಒಂದನೆಯದು: ಎಳೆಯೋದು ಸುಲಭ ಆದಾಗ ಜನ ಎಳೀತಾನೇ ಇರ್ತಾರೆ. ಆಕಾರ ಒಪ್ಪಲಿಲ್ಲ ಅಂದರೆ ಇನ್ನೊಂದು ಸಾಲು ಚುಕ್ಕಿ ಸೇರಿಸು, ಎಳಿ. ಮತ್ತೊಂದು ಸಾಲು ಸೇರಿಸು, ಎಳಿ. ಪರದೆಯ ಬಣ್ಣದಲ್ಲಿ ಚೆನ್ನಾಗೇ ಕಾಣುತ್ತೆ. ಆದರೆ ಜೀಬ್ರಾ ಪಟ್ಟೆ ಹಾಕಿ ನೋಡಿ, ಅಂದರೆ ಕಪ್ಪು ಬಿಳಿ ಪಟ್ಟೆಗಳ ಪ್ರತಿಬಿಂಬ ಆ ಮೇಲ್ಮೈಯಲ್ಲಿ ಹೇಗೆ ಬೀಳುತ್ತೆ ಅಂತ ನೋಡಿ, ಮಳೆ ಬಿದ್ದ ಮಣ್ಣು ರಸ್ತೆ ಥರ ಉಬ್ಬು ತಗ್ಗು. ಹಡಗಿನ ಪಟ್ಟಿಯ ಮೇಲೆ ತೂಕ ಜಾಸ್ತಿ ಇಟ್ಟವನ ಗತಿಯೇ ಇದು. ಒಳ್ಳೆ ಮೇಲ್ಮೈ ಮಾಡೋರ ಗುಟ್ಟು ಒಂದೇ: ಆದಷ್ಟು ಕಡಿಮೆ ಚುಕ್ಕಿ.

ಎರಡನೆಯದು: ಹೊಲಿಗೆ ಮಾಯವಾಗಿಲ್ಲ, ಅಡಗಿದೆ. ಸಬ್‌ಡಿವಿಷನ್ ಬಲೆಯಲ್ಲಿ ಸಾಮಾನ್ಯವಾಗಿ ಒಂದು ಚುಕ್ಕಿಗೆ ನಾಲ್ಕು ಗೆರೆ ಸೇರುತ್ತವೆ. ಮೂರೋ ಐದೋ ಸೇರೋ ಚುಕ್ಕಿಗಳೂ ಇರುತ್ತವೆ, ಇರಲೇಬೇಕು. ಅಲ್ಲಿ ಕ್ಯಾಟ್ಮಲ್-ಕ್ಲಾರ್ಕ್ ವಿಧಾನ ದಿಕ್ಕನ್ನ ಕಾಪಾಡುತ್ತೆ, ಆದರೆ ಬಾಗಿನ ಪ್ರಮಾಣಕ್ಕೆ ಭರವಸೆ ಕೊಡೋದಿಲ್ಲ. ಸಿನಿಮಾ ಪಾತ್ರದ ಮೊಣಕೈಯಲ್ಲಿ ಇದು ಯಾರಿಗೂ ಕಾಣೋದಿಲ್ಲ, ಪಾಲಿಶ್ ಮಾಡಿದ ಬಾನೆಟ್ಟಿನ ನಡುಮಧ್ಯೆ ಕಾಣುತ್ತೆ. ಹಾಗಾಗಿ ಅಂಥ ಚುಕ್ಕಿಯನ್ನ ಎಲ್ಲಿ ಇಡಬೇಕು ಅಂತ ಮೊದಲೇ ಯೋಚಿಸಬೇಕು. ತಂತ್ರಾಂಶ ಅದನ್ನ ನಿಮಗೆ ಕೇಳೋದಿಲ್ಲ.

ಮೂರನೆಯದು ಇಡ್ಲಿ. ಇಡ್ಲಿ ತಟ್ಟೆಯ ಗುಳಿ ಮೇಲಕ್ಕೆ ಹೋದ ಹಾಗೆ ಅಗಲವಾಗುತ್ತೆ, ಅದಕ್ಕೇ ಇಡ್ಲಿ ಸಲೀಸಾಗಿ ಎದ್ದು ಬರುತ್ತೆ. ಗುಳಿಯ ಬಾಯಿ ಗಡಿಗೆ ಥರ ಕಿರಿದಾಗಿದ್ದರೆ? ಇಡ್ಲಿ ಒಳಗೇ, ನಾವು ಉಪವಾಸ. ಪ್ಲಾಸ್ಟಿಕ್ ಭಾಗಗಳ ಅಚ್ಚಿಗೂ ಇದೇ ನಿಯಮ. ಗೋಡೆಗಳು ಸ್ವಲ್ಪವಾದರೂ ಓರೆಯಾಗಿರಬೇಕು, ಅಚ್ಚು ತೆರೆಯೋ ದಿಕ್ಕಿಗೆ ಯಾವುದೂ ಅಡ್ಡ ಬರಬಾರದು, ಗೋಡೆಯ ದಪ್ಪ ಆದಷ್ಟೂ ಒಂದೇ ಸಮ ಇರಬೇಕು. ಮನಸ್ಸಿಗೆ ಬಂದ ಹಾಗೆ ಎಳೆದ ಆಕಾರಕ್ಕೆ ಇದ್ಯಾವುದೂ ಗೊತ್ತಿರೋದಿಲ್ಲ. "ಇಲ್ಲಿ ಎರಡು ಮಿಲಿಮೀಟರ್ ಕಡಿಮೆ ಮಾಡಿ" ಅಂತ ಅಚ್ಚಿನವರು ಹೇಳಿದಾಗ ತಿದ್ದೋಕೆ ಒಂದು ಅಳತೆ ಕೂಡ ಇರೋದಿಲ್ಲ, ಮತ್ತೆ ಕೈಯಲ್ಲೇ ಎಳೀಬೇಕು.

"ಏನ್ ಮಗಾ, ಕ್ಯಾಲ್ಕುಲೇಟರ್ ಬಂದಾಗ್ಲೂ ಮೇಷ್ಟ್ರುಗಳು ಹಿಂಗೇ ಗೋಳಾಡಿದ್ರು" ಅಂತ ನನ್ನ ಗೆಳೆಯ ಕಾಲೆಳೆದ. ಅವನ ಮಾತಲ್ಲಿ ಅರ್ಥ ಇಲ್ಲದೆ ಇಲ್ಲ. ಗಣಿತ ಗೊತ್ತಿಲ್ಲದ ಕಲಾವಿದನೊಬ್ಬ ಇವತ್ತು ನೇರವಾಗಿ ಮೂರು ಆಯಾಮದಲ್ಲಿ ಯೋಚಿಸಬಲ್ಲ ಅಂದರೆ ಅದು ಈ ಸಲಕರಣೆಗಳ ಪುಣ್ಯ. ಮೊದಲ ಕಲ್ಪನೆಗೆ, 3ಡಿ ಪ್ರಿಂಟಿಗೆ, ಒಬ್ಬರ ಕಾಲಿಗೆ ಮಾತ್ರ ಹೊಂದೋ ಬಟ್ಟಲಿಗೆ ಇದೇ ಸರಿ. ನಾನು ಸಲಕರಣೆಯ ವಿರೋಧಿ ಅಲ್ಲ, ಅದರಿಂದಲೇ ನನ್ನ ಸಂಬಳ ಬರೋದು! ಆದರೆ ಕ್ಯಾಲ್ಕುಲೇಟರ್ ತಪ್ಪು ಉತ್ತರ ಕೊಡೋದಿಲ್ಲ. ಇದು ಸುಂದರವಾಗಿ ಕಾಣೋ ತಪ್ಪು ಉತ್ತರ ಕೊಡಬಲ್ಲದು, ಅದು ತಪ್ಪು ಅಂತ ಗುರುತಿಸೋ ಕಣ್ಣು ನಮ್ಮದಾಗಿರಬೇಕು.

ಆ ಕಣ್ಣನ್ನ ನಾವು ಎಲ್ಲೂ ಬೆಳೆಸ್ತಿಲ್ಲ. ಬೆಂಗಳೂರಿನಲ್ಲಿ ಕಾರು, ವಿಮಾನ, ಯಂತ್ರಗಳ ವಿನ್ಯಾಸ ಮಾಡೋ ಕಚೇರಿಗಳು ಎಷ್ಟೊಂದಿವೆ. ಮೆಕ್ಯಾನಿಕಲ್ ಓದಿದ ಸಾವಿರಾರು ಮಕ್ಕಳು ಆ ಕೆಲಸಕ್ಕೆ ಕಣ್ಣಿಟ್ಟಿದ್ದಾರೆ. ಬೀದಿ ಬೀದಿಗೆ ತರಬೇತಿ ಕೇಂದ್ರಗಳಿವೆ. ಅಲ್ಲಿ ಕಲಿಸೋದು ಏನು? ಯಾವ ಮೆನುವಿನಲ್ಲಿ ಯಾವ ಬಟನ್. ನಾನು ಕೂತ ಸಂದರ್ಶನಗಳಲ್ಲಿ ಐದಾರು ತಂತ್ರಾಂಶಗಳ ಹೆಸರು ಬರೆದುಕೊಂಡು ಬಂದ ಹುಡುಗರನ್ನ ನೋಡಿದ್ದೀನಿ. "ಈ ಮೂಲೆ ಯಾಕಪ್ಪಾ ಸುಕ್ಕುಗಟ್ಟಿದೆ?" ಅಂತ ಕೇಳಿದರೆ "ಸರ್, ಬೇರೆ ಕಮಾಂಡ್ ಟ್ರೈ ಮಾಡ್ಬಹುದು" ಅಂತಾರೆ. ಅವರ ತಪ್ಪಲ್ಲ ಅದು. ನಾನು ಓದಿದ ಕಾಲೇಜಿನಲ್ಲೂ ಬೆಝಿಯೇ ಸಮೀಕರಣ ಹತ್ತು ಮಾರ್ಕಿನ ಪ್ರಶ್ನೆಯಾಗಿ ಕಪ್ಪು ಹಲಗೆ ಮೇಲಿತ್ತು, ಕ್ಯಾಡ್ ಲ್ಯಾಬ್ ಇನ್ನೊಂದು ಮಹಡಿಯಲ್ಲಿತ್ತು. ಎರಡೂ ಒಂದೇ ಅಂತ ಯಾರೂ ಹೇಳಲಿಲ್ಲ. ಬಟನ್ ಕಲಿತವನ ವಿದ್ಯೆ ಮುಂದಿನ ಆವೃತ್ತಿ ಬರೋವರೆಗೆ. ಬಾಗು ಕಲಿತವನ ವಿದ್ಯೆ 1959ರಿಂದ ಇವತ್ತಿನವರೆಗೆ ಹಳಸಿಲ್ಲ. ಕೆಲಸ ಉಳಿಯೋದು ಯಾರದ್ದು ಅಂತ ನೀವೇ ಲೆಕ್ಕ ಹಾಕಿ.

ಬರೀ ಗೊಣಗಿ ಎದ್ದುಹೋಗಬಾರದು, ಅಲ್ವಾ? ನಿಮ್ಮ ಮನೆಯಲ್ಲಿ ಕ್ಯಾಡ್ ಕಲೀತಿರೋ ತಮ್ಮನೋ ತಂಗಿಯೋ ಇದ್ದರೆ ನಾಲ್ಕು ಕೆಲಸ ಹೇಳಿ.

ಒಂದು, ಮೇಲೆ ಹೇಳಿದ ನಡುಬಿಂದು ಆಟವನ್ನ ಗ್ರಾಫ್ ಹಾಳೆಯಲ್ಲಿ ಹತ್ತು ಸಲ ಆಡಲಿ. ಒಂದು ಚುಕ್ಕಿ ಸರಿಸಿದರೆ ಗೆರೆ ಎಲ್ಲೆಲ್ಲಿ ಅಲುಗುತ್ತೆ ಅನ್ನೋದು ಕೈಗೆ ಬರಲಿ.

ಎರಡು, ಫಾಂಟ್‌ಫೋರ್ಜ್ ಇಳಿಸಿಕೊಂಡು ತಮ್ಮ ಕೈಬರಹದ "ಠ" ಅಥವಾ "ಅ" ಮೂಡಿಸಲಿ. ಎಡ, ಬಲ, ಮೇಲೆ, ಕೆಳಗೆ ಬಾಗಿನ ತುತ್ತತುದಿಗಳಲ್ಲಿ ಚುಕ್ಕಿ ಇಟ್ಟು, ಉಳಿದವನ್ನ ಅಳಿಸ್ತಾ ಬರಲಿ. ಎಷ್ಟು ಕಡಿಮೆ ಚುಕ್ಕಿಯಲ್ಲಿ ಅಕ್ಷರ ಉರುಟಾಗಿ ನಿಲ್ಲುತ್ತೆ ನೋಡಲಿ. ಕನ್ನಡಕ್ಕೆ ಒಳ್ಳೆ ಫಾಂಟುಗಳು ಇನ್ನೂ ಬೇಕೇ ಬೇಕು, ಹಾಗಾಗಿ ಇದು ವ್ಯರ್ಥ ಕಸರತ್ತೂ ಅಲ್ಲ.

ಮೂರು, ದುಬಾರಿ ಲೈಸೆನ್ಸ್ ಇಲ್ಲ ಅಂತ ಕೂರೋದು ಬೇಡ. ಬ್ಲೆಂಡರ್ 2002ರಿಂದ ಮುಕ್ತ ತಂತ್ರಾಂಶ, ಕ್ಯಾಟ್ಮಲ್-ಕ್ಲಾರ್ಕ್ ವಿಧಾನ ಅದರಲ್ಲೇ ಇದೆ. ಫ್ರೀಕ್ಯಾಡ್ 2024ರ ನವೆಂಬರಿನಲ್ಲಿ 1.0 ಆಯಿತು. ಮುಕ್ತ ಆಕಾರದ ವಿಷಯದಲ್ಲಿ ಅದು ದುಬಾರಿ ತಂತ್ರಾಂಶಗಳ ಸಮಕ್ಕೆ ನಿಲ್ಲೋದಿಲ್ಲ, ಆದರೆ ಕಲಿಯೋಕೆ ಧಾರಾಳ ಸಾಕು.

ನಾಲ್ಕು, ಒಳ್ಳೆಯ ವಸ್ತುಗಳನ್ನ ಬೆಳಕಿಗೆ ಹಿಡಿದು ನೋಡೋ ಅಭ್ಯಾಸ ಮಾಡಿಕೊಳ್ಳಲಿ. ಸ್ಟೀಲ್ ಲೋಟ, ಸ್ಕೂಟರಿನ ಮುಂಭಾಗ, ನಿಲ್ಲಿಸಿದ ಕಾರಿನ ಬಾಗಿಲು, ಟ್ಯೂಬ್‌ಲೈಟಿನ ಪ್ರತಿಬಿಂಬ ಎಲ್ಲಿ ಹರಿಯುತ್ತೆ, ಎಲ್ಲಿ ಎಡವುತ್ತೆ. ಇದಕ್ಕೆ ಕರೆಂಟ್ ಬಿಲ್ಲು ಬಿಟ್ಟರೆ ಬೇರೆ ಖರ್ಚಿಲ್ಲ. ಅಕ್ಕಪಕ್ಕದವರು ಇವನಿಗೇನಾಯ್ತು ಅಂತ ನೋಡಬಹುದು, ಅಷ್ಟೇ :-)

ಇದನ್ನೆಲ್ಲ ಕನ್ನಡದಲ್ಲಿ ಚಿತ್ರಸಮೇತ ಬರೆಯೋ ಆಸೆ ನನಗಿದೆ. ನಿಮ್ಮಲ್ಲಿ ಯಾರಾದರೂ ಮೆಕ್ಯಾನಿಕಲ್ಲು, ಫಾಂಟು, ಆನಿಮೇಷನ್ ಕಡೆಯವರಿದ್ದರೆ ಕೈ ಜೋಡಿಸಿ. ಮತ್ತೆ, "ಹಿಡಿತದ ಚುಕ್ಕಿ"ಗಿಂತ ಒಳ್ಳೆ ಪದ ಹೊಳೆದರೆ ಖಂಡಿತ ಹೇಳಿ, ಜಗಳಕ್ಕೂ ಸಿದ್ಧ!